ಕೊಬ್ಬರಿ ಕಿತ್ತವನೊಬ್ಬ, ಬುಟ್ಟಿಗೆ ಹಾಕಿದವನೊಬ್ಬ

ಅಮಲ್ದಾರ ನನ್ನ ಕಡೆಗೇ ನುಗ್ಗಿ ಬರುತ್ತಿದ್ದ!

ತಾಲ್ಲೂಕು ಕಚೇರಿಯ ಅಮಲ್ದಾರ ಅಲ್ಲ ಸ್ವಾಮಿ. ಅವನಾಗಿದ್ದರೆ ಕೈಮುಗಿದು, ಹಲ್ಲುಗಿಂಜಿ ಹೇಗೋ ಬದುಕಿಕೊಳ್ಳುತ್ತಿದ್ದೆ. ಇದು ಹೋರಿ. ಆಳೆತ್ತರದ ಬಿಳಿ ಹೋರಿ. ಕೊಂಬಿಗೆ ಎಣ್ಣೆ, ಕೊರಳಿಗೆ ಒಣಕೊಬ್ಬರಿಯ ಸರ, ಕಣ್ಣಲ್ಲಿ ಕೊಲೆ...

ಜಡೆ ಊರಿನ ಓಣಿ. ದೀಪಾವಳಿ ಮುಗಿದಿತ್ತು. ಹೋರಿ ಬೆದರಿಸುವ ಹಬ್ಬ. ಎರಡೂ ಬದಿಗೆ ಬಿದಿರಿನ ಬೇಲಿ, ಬೇಲಿಯ ಮೇಲೆ ಜನವೋ ಜನ. ಓಡುವ ಹೋರಿಯ ಕೊರಳಿಂದ ಕೊಬ್ಬರಿ ಕಿತ್ತರೆ, ಕಿತ್ತವನು ಗಂಡು. ಕೀಳಲಾಗದಿದ್ದರೆ ಹೋರಿಯ ಯಜಮಾನ ಗಂಡು. ಓಣಿಯ ನಡುವೆ ಆಗ ಇದ್ದದ್ದು ಒಬ್ಬನೇ.

ನಾನು! ಕಾಲಿಗೆ ಬೂಟು, ತಲೆಗೆ ಹ್ಯಾಟು, ಕೈಯಲ್ಲಿ ಅಳತೆಯ ಟೇಪು.

"ಓಡ್ರೀ ಸೆಲೆಕ್ಟರ್ರೇ!" ಬೇಲಿಯ ಮೇಲಿಂದ ದೊಡ್ಡಬೀರಪ್ಪ ಕೂಗಿದ. "ಹ್ಯಾಟ್ ಕಂಡ್ರೆ ನಮ್ಮ ಅಮಲ್ದಾರಂಗೆ ಆಗಕಿಲ್ಲ!"

ಈ ದೊಡ್ಡಬೀರಪ್ಪ ಹೊಸಬಾಳೆಯ ದೊಡ್ಡ ಕುಳ. ಹೋರಿ ಅವನದೇ. ಅದರ ಕೊಬ್ಬರಿಗೆ ಇವತ್ತಿನವರೆಗೆ ಯಾವನೂ ಕೈ ಹಾಕಿರಲಿಲ್ಲ. ಅವನ ಇಬ್ಬರು ಆಳುಗಳೇ ನನ್ನನ್ನು ಭತ್ತದ ಮೂಟೆಯ ಹಾಗೆ ಎತ್ತಿ ಬೇಲಿಯೊಳಗೆ ಎಸೆದಿದ್ದರು.

ಯಾಕೆ ಅಂತೀರಾ?

ನಾನು ಉಚ್ಚಂಗಪ್ಪ. ಆಗ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನ ಸಾಹುಕಾರನ ಹತ್ತಿರ ಇದ್ದೆ. ಕೆಲಸ? ಆಗದ್ದನ್ನು ಆಗಿಸುವುದು. ಓಡಿಹೋದ ಗುಮಾಸ್ತನನ್ನು ಹುಡುಕಿ ತರುವುದು, ಹೆಚ್ಚು ಮಾತಾಡುವ ಮೇಸ್ತ್ರಿಯನ್ನು ಸುಮ್ಮನಾಗಿಸುವುದು, ಇಂಥವೇ. ಐವತ್ತೆಂಟರ ದಸರಾ ಟೂರ್ನಮೆಂಟಿನಲ್ಲಿ ಎದುರು ಮಿಲ್ಲಿನ ಬ್ಯಾಸ್ಕೆಟ್‌ಬಾಲ್ ಟೀಮು ನಮ್ಮವರನ್ನು ಒಗೆದು, ಹಿಂಡಿ, ಒಣಹಾಕಿತು. ಸಾಹುಕಾರನ ಊಟ ನಿಂತುಹೋಯಿತು. ಬಟ್ಟೆಯಲ್ಲಿ ನಷ್ಟವಾದರೂ ತಡೆದುಕೊಳ್ಳುತ್ತಿದ್ದ ಮನುಷ್ಯ... ಬುಟ್ಟಿಯಲ್ಲಿ ತಡೆದುಕೊಳ್ಳಲಿಲ್ಲ!

ಕಾಲೇಜಿನ ಒಳ್ಳೆ ಆಟಗಾರರನ್ನು ಮಿಲ್ಲಿನವರು ಟೀಮಿಗೆ ಎಳೆದುಕೊಂಡು, ಟೈಮ್ ಆಫೀಸಿನಲ್ಲಿ ಗುಮಾಸ್ತ ಅಂತ ಹೆಸರು ಹಚ್ಚಿ ಸಂಬಳ ಕೊಡುತ್ತಿದ್ದ ಕಾಲ ಅದು. ಸಾಹುಕಾರ ನನ್ನನ್ನು ಕರೆದ.

"ಒಂದು ಜಾಗ ಖಾಲಿ ಐತಿ. ಒಬ್ಬನ್ನ ಆರಿಸ್ಕೊಂಡ್ ಬಾ. ಎತ್ತರದವನ್ನ ತಾ."

"ಆಟ ನೋಡಬೇಕಲ್ರೀ ಸಾಹುಕಾರ್ರೆ?"

"ನಿನಗ ಆಟ ಗೊತ್ತೇನಲೇ?"

"ಇಲ್ರಿ."

"ಮತ್ತೇನ್ ನೋಡ್ತೀ? ಟೇಪ್ ತಗೊಂಡ್ ಹೋಗು!"

ಶಿವಮೊಗ್ಗದ ಕಾಲೇಜಿನಲ್ಲಿ ವಿಚಾರಿಸಿದೆ. ಎರಡು ಹೆಸರು ಸಿಕ್ಕವು. ಒಬ್ಬ ಚೌಡಪ್ಪ. ದೊಡ್ಡಬೀರಪ್ಪನ ಮಗ, ಆರಡಿಗೂ ಮೇಲೆ. ಪೇಪರಿನಲ್ಲಿ ಹೆಸರು ಬರುತ್ತಿದ್ದದ್ದು ಇವನದೇ. ಇನ್ನೊಬ್ಬ ಅಜಮತ್ ಉಲ್ಲಾ. ಶಿಕಾರಿಪುರದ ಟ್ರಂಕು ಮಾಡುವ ನಜೀರ್ ಸಾಬರ ಮಗ. ಕುಳ್ಳ. ಇಬ್ಬರೂ ರಜೆಗೆ ಊರಿಗೆ ಹೋಗಿದ್ದರು.

ಹೊಸಬಾಳೆಗೆ ಹೋಗಿ ಚೌಡಪ್ಪನನ್ನು ಅಳೆದೆ. ಟೇಪು ಸಾಲದೆ ಬಂತು. ಅಲ್ಲಿಗೇ ಮುಗಿಸಿದ್ದರೆ ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ. ಬಾಯಿ ಸುಮ್ಮನಿರಬೇಕಲ್ಲ...

"ಇನ್ನೊಬ್ಬನ್ನೂ ನೋಡಿ ಹೇಳ್ತೀನಿ ಯಜಮಾನ್ರೆ," ಅಂದೆ.

ದೊಡ್ಡಬೀರಪ್ಪನ ಮೀಸೆ ಅಲುಗಿತು. "ನನ್ ಮಗನ್ ಮುಂದೆ ಇನ್ನೊಬ್ಬನಾ? ಮೊದ್ಲು ನಮ್ಮ ಅಮಲ್ದಾರನ್ನ ನೋಡಿ. ಆಮೇಲೂ ಕಾಲು ಉಳುದ್ರೆ ಶಿಕಾರಿಪುರಕ್ಕೆ ಹೋಗಿ."

ಹೋರಿಯ ಜೊತೆ ನನ್ನನ್ನೂ ಜಡೆಯ ಹಬ್ಬಕ್ಕೆ ಎಳೆದುಕೊಂಡು ಹೋದ. ಹೀಗೆ ನಾನು ಓಣಿಗೆ ಬಿದ್ದದ್ದು!

ಓಡಿದೆ. ಹೋರಿಯೂ ಓಡಿತು. ಅದಕ್ಕೆ ಬೂಟಿರಲಿಲ್ಲ, ಅನುಕೂಲವಾಯಿತು. ಹ್ಯಾಟು ಹಾರಿ ಅದರ ಕೊಂಬಿಗೆ ಸಿಕ್ಕಿತು. ಜನ ಚಪ್ಪಾಳೆ ತಟ್ಟಿದರು. ಕಾಲು ತೊಡರಿತು. ಮುಖ ಅಡಿಯಾಗಿ ಬಿದ್ದೆ. ಬೆನ್ನ ಮೇಲೆ ಬಿಸಿ ಉಸಿರು...

ಆಗ ಬೇಲಿಯಿಂದ ಏನೋ ಹಾರಿತು.

ಬನಿಯನ್ನು ಹಾಕಿದ ಸಣಕಲು ಹುಡುಗ. ಒಂದು ಕೈ ಹೋರಿಯ ಡುಬ್ಬದ ಮೇಲೆ. ಇನ್ನೊಂದು ಕೈ ಕೊರಳಿಗೆ. ಟಪ್ ಅಂತ ದಾರ ಹರಿಯಿತು! ಹೋರಿ ತಲೆ ಕೊಡವಿ ನನ್ನ ಪಕ್ಕದಿಂದಲೇ ಓಡಿಹೋಯಿತು. ಹುಡುಗ ಗಾಳಿಯಲ್ಲಿದ್ದಾಗಲೇ, ತಿರುಗಿ ಸಹ ನೋಡದೆ, ಸರವನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆದ.

ಹಿಂದೆ, ದೂರದಲ್ಲಿ, ಎಲ್ಲರ ತಲೆಗಳ ಮೇಲೆ ಒಂದು ಉದ್ದನೆಯ ಕೈ ಎದ್ದಿತು.

ಸರ ಆ ಕೈಯಲ್ಲಿ ಹೋಗಿ ಕೂತಿತು. ಕೈ ಹುಡುಕಿಕೊಂಡು ಹೋದ ಹಾಗೆ!

ಜಡೆ ಊರೇ ಕೂಗಿತು. "ಅಮಲ್ದಾರನ್ನ ಹಿಡುದ್ರಪ್ಪೋ! ಅಮಲ್ದಾರನ್ನ ಹಿಡುದ್ರು!"

ಎಲ್ಲರೂ ಸರ ಇದ್ದ ಕೈಯ ಕಡೆ ನೋಡಿದರು. ಆ ಕೈ ದೊಡ್ಡಬೀರಪ್ಪನ ಮಗ ಚೌಡಪ್ಪನದು! ಅಪ್ಪನ ಸೋಲದ ಹೋರಿ... ಅದರ ಕೊಬ್ಬರಿ ಮಗನ ಮುಷ್ಟಿಯಲ್ಲಿ.

ಕಿತ್ತ ಕುಳ್ಳ ಯಾರು ಅಂತ ಬೇರೆ ಹೇಳಬೇಕೆ? ಅಜಮತ್ ಉಲ್ಲಾ. ಗೆಳೆಯನ ಜೊತೆ ಹಬ್ಬ ನೋಡಲು ಬಂದಿದ್ದ.

ಆಟ ನನಗೆ ಗೊತ್ತಿರಲಿಲ್ಲ. ಮನುಷ್ಯರು ಗೊತ್ತಿದ್ದರು. ಪೇಪರಿನಲ್ಲಿ ಹೆಸರು ಚೌಡಪ್ಪನದು. ಆದರೆ ಚೆಂಡು ಅವನ ಕೈಗೆ ಬಂದು ಕೂರುತ್ತಿದ್ದದ್ದು ಹೇಗೆ ಅಂತ ಮಣ್ಣು ತಿನ್ನುತ್ತಾ ಬಿದ್ದಲ್ಲೇ ತಿಳಿಯಿತು.

ಚೌಡಪ್ಪ ಬಂದು ನನ್ನನ್ನು ಎತ್ತಿ ನಿಲ್ಲಿಸಿದ. ಮುಖ ಬಿಳಿಚಿತ್ತು.

"ನನಗ್ಯಾಕೋ ಎಸೆದೆ?"

"ಅಭ್ಯಾಸ ಕಣೋ!" ಅಂದ ಅಜಮತ್.

"ನಮ್ಮಪ್ಪ ಕೊಂದ್ಬಿಡ್ತಾನೆ ಮಾರಾಯ!"

"ಓಡ್ತಾ ಓಡ್ತಾ ಹೇಳು!"

ಹಿಂದೆ ದೊಡ್ಡಬೀರಪ್ಪನ ದನಿ. "ಮೂರೂ ಜನಾನೂ ಹಿಡೀರ್ಲೇ!"

ಮೂರು! ನಾನೇನು ಮಾಡಿದ್ದೆ? ಬಿದ್ದಿದ್ದೆ, ಅಷ್ಟೇ. ಗದ್ದೆಯ ಬದುವಿನ ಮೇಲೆ ಓಡಿದೆವು. ಬದು ಮುಗಿಯಿತು, ಕೆಸರು ಶುರುವಾಯಿತು. ಒಂದು ಬೂಟು ಕೆಸರಿಗೆ ಕೊಟ್ಟೆ. ಹಿಂದೆ ದೊಣ್ಣೆ ಹಿಡಿದ ಆಳುಗಳು, ಮುಂದೆ ಸೊರಬದ ಬಸ್ಸು... ಹೊರಟೇಬಿಟ್ಟಿತ್ತು! ಚೌಡಪ್ಪ ಒಂದೇ ನೆಗೆತಕ್ಕೆ ಹಿಂದಿನ ಏಣಿ ಹಿಡಿದ. ಅಜಮತ್‌ನನ್ನು ರಟ್ಟೆ ಹಿಡಿದು ಎಳೆದ, ನನ್ನನ್ನು ಕಾಲರ್ ಹಿಡಿದು. ಕಾಲರ್ ಅವನ ಕೈಯಲ್ಲೇ ಉಳಿಯಿತು. ನಾನೂ ಉಳಿದೆ.

ಕಂಡಕ್ಟರ್ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಮೂರು ಸೊರಬ," ಅಂದೆ.

"ಕೊಬ್ರಿಗೆ ಲಗೇಜ್ ಆಗ್ತದೆ," ಅಂದ.

ಉಸಿರು ಬಂದಮೇಲೆ ವ್ಯವಹಾರಕ್ಕೆ ಇಳಿದೆ. "ನೋಡ್ರಪ್ಪ, ಇರೋದು ಒಂದೇ ಜಾಗ. ಯಾರು?"

"ಇವನ್ನ ತಗೊಳ್ಳಿ," ಅಂದ ಚೌಡಪ್ಪ. "ಇವನಿಲ್ದಿದ್ರೆ ನಾನು ಬರೀ ಲೈಟ್ ಕಂಬ."

"ಇವನ್ನ ತಗೊಳ್ಳಿ ಸಾಬ್," ಅಂದ ಅಜಮತ್. "ಇವನಿಲ್ದಿದ್ರೆ ನಾನು ಎಸೆದದ್ದೆಲ್ಲಾ ಚರಂಡಿಗೆ."

ನನ್ನ ಕಸುಬಿನಲ್ಲಿ ಎಲ್ಲ ತರದವರನ್ನೂ ಕಂಡಿದ್ದೆ. ಬಂದ ಕೆಲಸ ಬೇಡ ಅನ್ನುವ ಇಬ್ಬರು ಒಂದೇ ಸೀಟಿನಲ್ಲಿ ಕೂತದ್ದನ್ನು ಅವತ್ತೇ ನೋಡಿದ್ದು. ಏನೋ ಕಾಯಿಲೆ ಇರಬೇಕು ಅಂದುಕೊಂಡೆ.

ಸೊರಬದಲ್ಲಿ ಬಸ್ಸು ಬದಲಿಸಿ ಶಿಕಾರಿಪುರ ಮುಟ್ಟಿದೆವು. ನಜೀರ್ ಸಾಬರ ಟ್ರಂಕಿನ ಅಂಗಡಿಯೇ ನಮ್ಮ ಕೋಟೆ. ಮರುದಿನ ಬೆಳಿಗ್ಗೆ ಚಹಾ ಬಾಯಿಗಿಡುವಷ್ಟರಲ್ಲಿ ಕೋಟೆಗೆ ಮುತ್ತಿಗೆ ಬಿತ್ತು. ಬಾಡಿಗೆ ಕಾರಿನಿಂದ ದೊಡ್ಡಬೀರಪ್ಪ ಇಳಿದ. ಹಿಂದೆ ಅದೇ ಇಬ್ಬರು ಆಳು, ಅದೇ ದೊಣ್ಣೆ.

ನಾನು ಟ್ರಂಕುಗಳ ಹಿಂದೆ ಹೋದೆ. ಹೆದರಿಕೆಯಿಂದಲ್ಲ... ಅಲ್ಲಿ ನೆರಳಿತ್ತು.

"ಹೊರಗ್ ಬರ್ರಲೇ!" ದೊಣ್ಣೆ ಒಂದು ಟ್ರಂಕಿಗೆ ಬಡಿಯಿತು. ತಗಡು ಹರಿದು ಒಳಗೆ ಹೋಯಿತು.

ನಜೀರ್ ಸಾಬ್ ಸುತ್ತಿಗೆ ಕೆಳಗಿಟ್ಟರು. "ಬೋಣಿ ಮಾಡಿದ್ರಿ ಯಜಮಾನ್ರೆ. ಆ ಟ್ರಂಕು ಈಗ ನಿಮ್ದು."

"ನನ್ ಮಾನ ಹೋಯ್ತಲ್ಲೋ ಸಾಬ! ನಿನ್ ಮಗ ನನ್ ಹೋರಿ ಹಿಡ್ದಾನೆ! ಚೌಡ ಎಲ್ಲಿ? ಅವಂಗೆ ಮಿಲ್ಲೂ ಇಲ್ಲ, ಕಾಲೇಜೂ ಇಲ್ಲ. ಕೊಟ್ಟಿಗೆ! ಇಡೀ ಜನ್ಮ ಸಗಣಿ!"

ಪರದೆ ಸರಿಸಿ ಅಜಮತ್‌ನ ತಾಯಿ ಅಕ್ತರ್ ಬೀ ಹೊರಗೆ ಬಂದಳು. ಕೈಯಲ್ಲಿ ಕೊಬ್ಬರಿಯ ಸರ.

"ಕೂಗಬೇಡ್ರಿ. ಇದು ಯಾರ್ದು?"

"ನಂದು!"

"ಯಾರ ಕೈಗೆ ಬಂತು?"

"...ನನ್ ಮಗನ ಕೈಗೆ."

"ಮಗ ಯಾರ ಮನೆಯವನು? ನಮ್ಮನೆಯವನಾ?"

"ಏಯ್... ನಮ್ಮನೆಯವನು!"

"ಮತ್ತೆ? ನಿಮ್ಮನೆ ಕೊಬ್ರಿ ನಿಮ್ಮನೆಯವನ ಕೈಯಾಗ ಐತಿ. ಬ್ಯಾರೇವ್ರು ಒಯ್ದಿದ್ರೆ ಸೋಲು. ಇದು ಹೆಂಗ್ ಸೋಲಾಗ್ತದೆ ಯಜಮಾನ್ರೆ? ಜನ ಕಂಡಿದ್ದು ಅವನ ಕೈಯಾಗಿನ ಸರ ಅಷ್ಟೇ. ದಾರ ಸಡ್ಲಾಗಿತ್ತು, ಬೀಳೋದನ್ನ ಮಗ ಹಿಡ್ಕೊಂಡ. ಹೋಗಿ ಅಷ್ಟು ಹೇಳ್ರಿ."

ದೊಡ್ಡಬೀರಪ್ಪ ಯೋಚಿಸಿದ. ಹೊತ್ತು ಹಿಡಿಯಿತು. ಹಾಳುಬಿದ್ದ ಗಾಣ ತಿರುಗಿಸಿದ ಹಾಗೆ ಮುಖವೆಲ್ಲ ಕಿರುಗುಟ್ಟಿತು. ಆಮೇಲೆ ಮೀಸೆಯ ತುದಿ ಮೇಲೆದ್ದಿತು.

"ಹಂಗಾರೆ... ಅಮಲ್ದಾರನ್ನ ಯಾವನೂ ಹಿಡ್ದಿಲ್ಲ?"

"ನಾನಂತೂ ನೋಡಿಲ್ರೀ," ಟ್ರಂಕಿನ ಹಿಂದಿನಿಂದ ಅಂದೆ. "ಕಣ್ಣಿಗೆ ಮಣ್ಣು ಬಿದ್ದಿತ್ತು."

"ಆಯ್ತು! ಚೌಡನ್ನ ಕರ್ಕಂಡ್ ಹೋಗಿ. ಆದ್ರೆ ಈ ಕುಳ್ಳ ಹೋಗಂಗಿಲ್ಲ. ಜೊತೇಲಿದ್ರೆ ಇಬ್ರೂ ಒಂದಿನ ಎಲ್ಲಾದ್ರೂ ಬಾಯಿ ಬಿಡ್ತಾರೆ. ಇವನೇನಾದ್ರೂ ಬಸ್ ಹತ್ತಿದ್ರೆ, ಸೆಲೆಕ್ಟರ್ರೆ, ನಿಮ್ ಕಾಲು ನಿಮ್ ಕೈಗೆ ಕೊಡ್ತೀನಿ."

"ಮಾತು ಕೊಟ್ಟೆ," ಅಂದೆ. ನನ್ನ ಮಾತಿನ ಬೆಲೆ ದಾವಣಗೆರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊಸಬಾಳೆಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಅವನು ಹೊರಗೆ ಹೋಗಿ ಬಸ್‌ಸ್ಟ್ಯಾಂಡಿನಲ್ಲೇ ಕಾವಲು ಕೂತ. ಅಜಮತ್ ಅಪ್ಪನ ಸುತ್ತಿಗೆ ಎತ್ತಿಕೊಂಡು ಹರಿದ ಟ್ರಂಕನ್ನು ಬಡಿಯತೊಡಗಿದ. ನಗುನಗುತ್ತಲೇ.

"ಹೋಗೋ ಚೌಡ. ಬುಟ್ಟಿಗೆ ಹಾಕಿದ್ರೆ ಕಾಗದ ಬರಿ."

"ನನಗೆ ಚೆಂಡು ಯಾರೋ ಕೊಡ್ತಾರೆ?" ಆರಡಿಯ ಆಳು, ಕಣ್ಣಲ್ಲಿ ನೀರು!

ನಜೀರ್ ಸಾಬ್ ನನ್ನ ಕಡೆ ನೋಡದೆ ಹೇಳಿದರು. "ಇನ್ನು ಇವಂಗೆ ಕಾಲೇಜು ಸಾಕು ಸಾಬ್. ನನ್ ಸುತ್ತಿಗೆ ಮೂವರ ಹೊಟ್ಟೆ ತುಂಬಿಸ್ತದೆ, ಕಾಲೇಜಿನ ಫೀಜು ಕಟ್ಟೋದು ಅದರ ಕೈಲಿ ಆಗಲ್ಲ."

ಬೇಕಿತ್ತಾ ನನಗೆ? ಸಾಹುಕಾರ ಎತ್ತರದವನನ್ನು ಕೇಳಿದ್ದ, ಎತ್ತರದವನು ಸಿಕ್ಕಿದ್ದ. ಆದರೆ ಹೋರಿಯ ಉಸಿರು ಬೆನ್ನ ಮೇಲೆ ಇನ್ನೂ ಬಿಸಿಯಾಗಿತ್ತು...

ಜೇಬಿನಿಂದ ಟೇಪು ತೆಗೆದೆ. ಮೊದಲು ಅಜಮತ್‌ನನ್ನು ಅಳೆದೆ. ಆಮೇಲೆ ಟ್ರಂಕನ್ನು.

"ಮಂಡಿ ಮಡಚೋಕೆ ಬರುತ್ತೇನೋ?"

ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಬೀರಪ್ಪ ಎದ್ದು ಬಂದ. ಟ್ರಂಕಿನ ಸುತ್ತ ಒಂದು ಸುತ್ತು ಹಾಕಿದ.

"ಏನೈತಿ ಇದ್ರಾಗೆ?"

"ನಿಮ್ಮ ಮಗನ ಹಾಸಿಗೆ, ಪಾತ್ರೆ. ದೊಡ್ಡ ಕೆಲಸಕ್ಕೆ ಹೊರಟಾನೆ, ಬರಿಗೈಲಿ ಕಳಿಸ್ತೀರೇನ್ರೀ?"

ದೊಡ್ಡಬೀರಪ್ಪನ ಎದೆ ಉಬ್ಬಿತು. ಆಳುಗಳನ್ನು ಬೈದು ಪಕ್ಕಕ್ಕೆ ಸರಿಸಿ, ತಾನೇ ಒಂದು ಕಡೆ ಹಿಡಿದು, ಟ್ರಂಕನ್ನು ಬಸ್ಸಿನ ಮೇಲಕ್ಕೆ ನೂಕಿದ.

"ಯಪ್ಪಾ! ಭಾಳ ಭಾರ ಐತಲ್ರೀ!"

"ಕಂಚಿನ ಪಾತ್ರೆ," ಅಂದೆ.

ಪಾತ್ರೆ ಸೀನಿತು.

ಚೌಡಪ್ಪ ತಕ್ಷಣ ಕೆಮ್ಮಿದ. ನಾನೂ ಕೆಮ್ಮಿದೆ. ಡ್ರೈವರ್ ಯಾಕೋ ಅವನೂ ಕೆಮ್ಮಿದ. ಬಸ್ಸು ಹೊರಟಿತು. ಊರು ದಾಟಿದ ಮೇಲೆ ನಿಲ್ಲಿಸಿ ಮುಚ್ಚಳ ತೆಗೆದೆ. ದೊಣ್ಣೆ ಹರಿದಿದ್ದ ಕಂಡಿಗೆ ಮೂಗು ಇಟ್ಟುಕೊಂಡು ಬದುಕಿದ್ದ ಪುಣ್ಯಾತ್ಮ.

ದಾವಣಗೆರೆಯಲ್ಲಿ ಸಾಹುಕಾರ ಇಬ್ಬರನ್ನೂ ನೋಡಿದ. ಚೌಡಪ್ಪನನ್ನು ನೋಡಲು ಕತ್ತು ಎತ್ತಿದ. ಅಜಮತ್‌ನನ್ನು ನೋಡಲು ಎತ್ತಲಿಲ್ಲ.

"ಒಬ್ಬನ್ನ ಅಂದಿದ್ದೆ. ಇದ್ಯಾವುದಲೇ ಚಿಲ್ಲರೆ?"

"ಇವೆರಡೂ ಜೋಡೆತ್ತು ಸಾಹುಕಾರ್ರೆ. ಒಂದನ್ನ ಬಿಚ್ಚಿದ್ರೆ ಇನ್ನೊಂದು ನಡೆಯಲ್ಲ. ಆಟ ಇರೋದು ಕುಳ್ಳನಲ್ಲಿ, ಅಂಕ ಬರೋದು ಉದ್ದನವನಲ್ಲಿ."

"ಕುಳ್ಳ ಬ್ಯಾಡ. ಕಳಿಸು."

"ಕಳಿಸ್ತೀನಿ. ಎದುರು ಮಿಲ್ಲಿನವರು ಬಸ್‌ಸ್ಟ್ಯಾಂಡಿನಲ್ಲೇ ಕೇಳಿದ್ರು. ಅಲ್ಲಿಗೇ ಬಿಟ್ಟು ಬರ್ತೀನಿ."

ಹಸಿ ಸುಳ್ಳು! ಸಾಹುಕಾರ ಕುರ್ಚಿಯಿಂದ ಎದ್ದೇ ಬಿಟ್ಟ.

"ಎದುರು ಮಿಲ್ಲು ಕೇಳ್ತಾ? ಕೊಡಬ್ಯಾಡ! ಇಬ್ಬರ ಹೆಸರೂ ಹಚ್ಚಿಕೊಳ್ರಿ!"

ಹೆಡ್ ಗುಮಾಸ್ತ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. "ಜಾಗ ಒಂದೇ ಐತ್ರಿ ಸಾಹುಕಾರ್ರೆ."

ಸಾಹುಕಾರನ ಕಣ್ಣು ಕೋಣೆಯನ್ನೆಲ್ಲ ಸುತ್ತಿತು. ಗೋಡೆ, ಬೀರು, ಫ್ಯಾನು... ಸುತ್ತಿ ಬಂದು ನನ್ನ ಮೇಲೆ ನಿಂತಿತು.

"ಉಚ್ಚಂಗೀ, ಆಳು ಸಿಕ್ಕಿದ ಮ್ಯಾಲೆ ಆಳು ಹುಡುಕೋನು ಯಾಕಪ್ಪ?"

ಅಜಮತ್ ಮುಂದೆ ಬಂದ. "ಸಾಬ್, ಬೇಡ, ನಾನು ವಾಪಸ್..."

"ಬಾಯಿ ಮುಚ್ಚಿ ಸೈನ್ ಹಾಕೋ," ಅಂದೆ.

ಹಾಕಿದ. ಚೌಡಪ್ಪನೂ ಹಾಕಿದ. ನಾನು ಒಂದೇ ಬೂಟು ಹಾಕಿಕೊಂಡು ಹೊರಗೆ ಬಂದೆ. ರಸ್ತೆಯ ಆಚೆ ಎದುರು ಮಿಲ್ಲಿನ ಗೇಟು ತೆರೆದಿತ್ತು. ಮುಂದಿನ ದಸರಾಕ್ಕೆ ಆ ಜೋಡಿಯನ್ನು ಸೋಲಿಸುವುದು ಹೇಗೆ ಅಂತ ಗೊತ್ತಿದ್ದವನು ಇಡೀ ದಾವಣಗೆರೆಗೆ ಒಬ್ಬನೇ... ಅವನಿಗೆ ಆಗ ತಾನೇ ಕೆಲಸ ಹೋಗಿತ್ತು!