ನಾಲ್ಕನೇ ಕಂಬದ ವರದಿ

ರಾಜ್ಯದ ಸೇತುವೆಗಳ ಸ್ಥಿತಿಗತಿ ಪರೀಕ್ಷಿಸುವುದು ನನ್ನ ಕೆಲಸ. ಸುತ್ತಿಗೆಯಿಂದ ಕಾಂಕ್ರೀಟು ಬಡಿದು, ಸದ್ದು ಕೇಳಿ "ಗಟ್ಟಿ" ಅಥವಾ "ಟೊಳ್ಳು" ಎಂದು ನಾನು ಕೂಗುತ್ತೇನೆ. ಹನ್ನೆರಡು ವರ್ಷಗಳಿಂದ ಜೊತೆಗಿರುವ ಸಹಾಯಕ ಬರೆದುಕೊಳ್ಳುತ್ತಾನೆ. ಅವತ್ತು ಸುಡು ಮಧ್ಯಾಹ್ನದಲ್ಲೂ ಒಂದು ಹಳೇ ಸೇತುವೆಯ ನಾಲ್ಕನೇ ಕಂಬ ಕೈ ಮರಗಟ್ಟುವಷ್ಟು ತಣ್ಣಗಿತ್ತು. ನಲವತ್ತೊಂದು ಕಡೆ "ಟೊಳ್ಳು" ಎಂದು ಕೂಗಿದೆ. ವರದಿಯಲ್ಲಿ ಎಲ್ಲವೂ "ಗಟ್ಟಿ" ಎಂದಿತ್ತು. ಸೇತುವೆಯ ಮೇಲೆ ಬಸ್ಸುಗಳು ಓಡುತ್ತಲೇ ಇದ್ದವು.

"ಬೆನ್ನಿಗೇ ಚೂರಿ ಹಾಕಿದ್ಯಲ್ಲೋ!" ಎಂದೆ.

"ನೀನು ಹೇಳಿದ್ದನ್ನೇ ಬರ್ದಿದೀನಣ್ಣ. ನಂಬಲ್ವಾ? ತಗೋ, ಕೇಳು."

ಅವತ್ತು ರೆಕಾರ್ಡಿಂಗ್ ಹಾಕಿದ ಮೊಬೈಲನ್ನು ಕಂಬದ ಬಳಿಯೇ ಮರೆತು, ಆಮೇಲೆ ಹೋಗಿ ತಂದಿದ್ದನಂತೆ. ಅದರಲ್ಲಿ ಸುತ್ತಿಗೆಯ ಪ್ರತಿ ಏಟೂ ಟೊಳ್ಳಾಗಿಯೇ ಕೇಳಿಸಿತು. ಬೆನ್ನಲ್ಲೇ ನನ್ನದೇ ದನಿ "ಗಟ್ಟಿ" ಎನ್ನುತ್ತಿತ್ತು. ನಾವಿಬ್ಬರೂ ಏಣಿ ಇಳಿದು ದೂರ ಹೋದ ಹೆಜ್ಜೆಸದ್ದು ಅಡಗಿದ ಮೇಲೂ ಆ ದನಿ ನಿಲ್ಲಲಿಲ್ಲ.