ಕೊಟ್ಟ ಬೆಲೆಗೆ ಮೋಸವಿಲ್ಲ

ಆ ತೆಳು ಲ್ಯಾಪ್‌ಟಾಪಿಗೆ ಅಷ್ಟೊಂದು ದುಡ್ಡು ಸುರಿಯುವುದು ಸರಿಯೇ ಎಂದು ಪರೀಕ್ಷಿಸಿ ಹೇಳುವ ಕೆಲಸವನ್ನು ವಿಮಾ ಕಚೇರಿಯವರು ಸರ್ವೇಯರನ ತಲೆಗೆ ಕಟ್ಟಿದ್ದರು. ಗುದ್ದಿದ ಗಾಡಿ, ಸುಟ್ಟ ಅಂಗಡಿ ನೋಡಿ ನಷ್ಟದ ಅಂದಾಜು ಹಾಕುವವನು ಅವನು. ಲ್ಯಾಪ್‌ಟಾಪ್ ಹೊತ್ತು ಊರೆಲ್ಲ ಅಲೆಯುವವನು ಇಡೀ ಕಚೇರಿಗೆ ಅವನೊಬ್ಬನೇ. ಒಂದು ವಾರ ಇಟ್ಟುಕೊಂಡು ನೋಡಿ, ‘ಕೊಟ್ಟ ಬೆಲೆಗೆ ಮೋಸವಿಲ್ಲ, ಹೊತ್ತು ತಿರುಗುವವರಿಗೆ ಮಾತ್ರ’ ಎಂದು ಪ್ರಾಮಾಣಿಕವಾಗಿ ಬರೆದುಕೊಟ್ಟ. ಮೇಲಿನವರು ಮೊದಲರ್ಧ ಓದಿದರು. ಲ್ಯಾಪ್‌ಟಾಪ್ ಮ್ಯಾನೇಜರರ ಮೇಜಿಗೆ ಹೋಯಿತು.

“ನಿಮಗ್ಯಾಕ್ರೀ ಇದೆಲ್ಲ? ಹಳೇದು ಚೆನ್ನಾಗೇ ಓಡ್ತಿದೆಯಲ್ಲ,” ಎಂದು ಮ್ಯಾನೇಜರು ಅದನ್ನು ಅವನ ಕೈಯಿಂದಲೇ ಇಸಿದುಕೊಂಡರು.

ಓಡುತ್ತಿತ್ತು ನಿಜ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ. ಅದರ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಅವನಿದ್ದ ಒಂಟಿ ಕೋಣೆಯಲ್ಲಿ ಪ್ಲಗ್ ಇದ್ದದ್ದು ಮಂಚದ ಹಿಂದಿನ ಮೂಲೆಯಲ್ಲಿ. ಸಂಜೆಯೆಲ್ಲ ಗೋಡೆಗೆ ಮುಖ ಮಾಡಿ ಕೂತು ಕೆಲಸ ಮುಗಿಸಬೇಕು. ಆ ಒಂದು ವಾರ ಮಾತ್ರ ಅವನು ಪಾರ್ಕಿನ ಬೆಂಚಿನಲ್ಲಿ, ಜನರ ನಡುವೆ ಕೂತಿದ್ದ. ಪಕ್ಕದಲ್ಲಿ ಉಣ್ಣೆ ಹೆಣೆಯುತ್ತಿದ್ದ ಅಜ್ಜಿಯೊಬ್ಬರು ಬಗ್ಗಿ ನೋಡಿ, “ಇಷ್ಟು ತೆಳ್ಳಗಿದೆಯಲ್ಲಪ್ಪಾ, ಒಳಗೆ ಏನಾದ್ರೂ ಇದೆಯೋ ಇಲ್ವೋ?” ಎಂದು ಕೇಳಿದ್ದರು. “ನನ್ನ ಸಂಸಾರವೆಲ್ಲ ಇದರಲ್ಲೇ ಇದೆ ಅಜ್ಜೀ,” ಎಂದಿದ್ದ. ಇಬ್ಬರೂ ನಕ್ಕಿದ್ದರು. ಮನೆಗೆ ಬಂದು ಚಿಲಕ ಹಾಕಿದ ಮೇಲೆ ಅವನಿಗೆ ಅಳು ಬಂದಿತ್ತು. ಗುದ್ದಿದ ಗಾಡಿಯ ಸುದ್ದಿ ಬಿಟ್ಟು ಬೇರೇನನ್ನಾದರೂ ಯಾರಾದರೂ ತನ್ನನ್ನು ಕೇಳಿ ವರ್ಷಗಳೇ ಆಗಿದ್ದವು. ಆ ಬೆಂಚು ಅವನಿಗೆ ಮತ್ತೆ ಬೇಕಾಗಿತ್ತು.

ಮ್ಯಾನೇಜರು ಅದನ್ನು ತೆರೆದದ್ದನ್ನು ಕಂಡವರಿಲ್ಲ. ಒಂದು ಬೆಳಗ್ಗೆ ಸರ್ವೇಯರ್ ಸಹಿಗೆಂದು ಹೋದಾಗ ಅದರ ಮುಚ್ಚಳದ ಮೇಲೆ ಕಾಫಿ ಲೋಟ ಕೂತಿತ್ತು. ಲೋಟ ಎತ್ತಿದಾಗ ಕೆಳಗೆ ದುಂಡನೆಯ ಕಲೆ. ಕದಿಯಬೇಕೆಂದು ಅವನು ತೀರ್ಮಾನಿಸಿದ್ದು ಆಗಲೇ.

ಸುಳ್ಳು ಕಳ್ಳತನದ ಕ್ಲೇಮುಗಳನ್ನು ಹಿಡಿದು ಹಿಡಿದು, ಜನ ಎಲ್ಲಿ ಎಡವುತ್ತಾರೆ ಎಂಬುದು ಅವನಿಗೆ ಕರತಲಾಮಲಕವಾಗಿತ್ತು. ಅವಸರ ಮಾಡುತ್ತಾರೆ. ಆಸೆಬುರುಕರಾಗಿ ಇನ್ನೊಂದಕ್ಕೂ ಕೈ ಹಾಕುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಿ ತಡೆಯದೆ ಯಾರ ಬಳಿಯಾದರೂ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲು ಅವನಿಗೆ ಯಾರೂ ಇರಲಿಲ್ಲ. ಅದೂ ಒಂದು ಅನುಕೂಲವೆಂದು ಮೊದಲ ಸಲ ಅನಿಸಿತು.

ಮುಖ್ಯ ಕಚೇರಿಯವರು ಬರುವ ದಿನವನ್ನು ಆರಿಸಿಕೊಂಡ. ಅಂದು ಏಜೆಂಟರ ಜಾತ್ರೆ, ಮ್ಯಾನೇಜರರ ಕೋಣೆ ಬಾಗಿಲು ಹಾರುಹೊಡೆದಿರುತ್ತದೆ, ಅನುಮಾನ ಹೊರಗಿನವರ ಮೇಲೆ ಹೋಗುತ್ತದೆ. ಬಾಗಿಲಲ್ಲಿ ಗಾರ್ಡ್ ನೋಡುವುದು ಕಚೇರಿಯವರು ಅಂಟಿಸಿದ ನಂಬರಿನ ಚೀಟಿಯನ್ನು. ಅವನ ಹಳೆಯ ಲ್ಯಾಪ್‌ಟಾಪಿನ ಚೀಟಿಯನ್ನು ಯಾವ ಪುಣ್ಯಾತ್ಮನೋ ಅದರ ಮೈಮೇಲೆ ಅಂಟಿಸುವ ಬದಲು ಅದರ ಕಪ್ಪು ಕವರಿನ ಮೇಲೆ ಅಂಟಿಸಿದ್ದ. ಹಾಗಾಗಿ ತನ್ನ ಹಳೆಯದನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಹೊಸದನ್ನು ತನ್ನದೇ ಕವರಿಗೆ ತೂರಿಸಿದರೆ ಮುಗಿಯಿತು. ಕವರು ಸೊರಗಿ ಕಾಣದಂತೆ ಒಂದು ಟವೆಲ್ ಮಡಚಿ ಜೊತೆಗೆ ಸೇರಿಸಬೇಕು. ಹಳೆಯದರ ದಪ್ಪಕ್ಕೆ ಸರಿಹೊಂದುವವರೆಗೆ ಮನೆಯಲ್ಲಿ ಟವೆಲನ್ನು ಬಗೆಬಗೆಯಾಗಿ ಮಡಚಿ ನೋಡಿದ. ಚಾರ್ಜರಿಗೆ ಆಸೆ ಪಡಲಿಲ್ಲ. ಬೇರೆ ಕೊಂಡರಾಯಿತು.

ಉಳಿದದ್ದಕ್ಕೆ ಅವನ ದೊಡ್ಡ ಬಂಡವಾಳವಿತ್ತು: ಅವನು ಯಾರ ಕಣ್ಣಿಗೂ ಬೀಳುವವನಲ್ಲ. ಲಿಫ್ಟಿನಲ್ಲಿ ಜನ ಅವನ ತಲೆಯ ಮೇಲಿಂದಲೇ ಮಾತಾಡಿಕೊಳ್ಳುತ್ತಿದ್ದರು. ಒಮ್ಮೆ ಅವನು ಒಳಗಿರುವಾಗಲೇ ದೀಪ ಆರಿಸಿ ಬೀಗ ಜಡಿದು ಹೋಗಿದ್ದರು. ಅಂದು ಕುರ್ಚಿಯಲ್ಲಿ ಕೂತು ತಾನು ನಿಜಕ್ಕೂ ಇದ್ದೇನೆಯೇ ಎಂದು ಯೋಚಿಸಿದ್ದ. ಈಗ ಅದೇ ಉಪಯೋಗಕ್ಕೆ ಬಂತು.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಊಟದ ಗದ್ದಲದಲ್ಲಿ ಕಡತವೊಂದನ್ನು ಹಿಡಿದು ಮ್ಯಾನೇಜರರ ಕೋಣೆಗೆ ಹೋದ, ಕಡತದ ಕೆಳಗೆ ಲ್ಯಾಪ್‌ಟಾಪ್ ಹಿಡಿದು ಬಂದ. ಸಂಜೆಯವರೆಗೆ ಎಂದಿನಂತೆ ಕೆಲಸ ಮಾಡಿದ. ಹೊರಡುವ ಹೊತ್ತಿಗೆ ಮ್ಯಾನೇಜರು ಹೊಸ ಲ್ಯಾಪ್‌ಟಾಪನ್ನು ಅತಿಥಿಗಳಿಗೆ ತೋರಿಸಿ ಮೆರೆಯಲು ಹೋಗಿ, ಅದು ಕಾಣದೆ ಬೊಬ್ಬೆ ಹಾಕಿದರು. ಮುಂಬಾಗಿಲು ಮುಚ್ಚಿತು. ಎಲ್ಲರೂ ಬ್ಯಾಗು ತೋರಿಸಿ ಹೋಗಬೇಕೆಂದಾಯಿತು.

ಅದಕ್ಕೂ ಅವನು ಸಿದ್ಧನಾಗಿದ್ದ. ಬ್ಯಾಗನ್ನು ಮೇಜಿನ ಮೇಲಿಟ್ಟು ತಾನೇ ಜಿಪ್ ಎಳೆದ. ಗಾರ್ಡ್ ಕಪ್ಪು ಕವರನ್ನು ಹೆಬ್ಬೆರಳಲ್ಲಿ ಒತ್ತಿ, ಚೀಟಿ ನೋಡಿ, “ಆಯ್ತು, ಹೊರಡಿ ಸಾರ್,” ಎಂದ. ಸರ್ವೇಯರ್ ಬ್ಯಾಗನ್ನು ಹೆಗಲಿಗೇರಿಸಿ ಬಾಗಿಲ ಕಡೆ ನಡೆದ. ನಾಳೆ ಸಂಜೆ ಅಜ್ಜಿ ಬೆಂಚಿನಲ್ಲಿ ಇರುತ್ತಾರೋ ಇಲ್ಲವೋ ಎಂಬುದಷ್ಟೇ ಅವನ ತಲೆಯಲ್ಲಿತ್ತು.

“ಅಯ್ಯೋ, ತಕ್ಕಡಿ ಸಾರ್ ನೋಡ್ರೇ ಇವತ್ತು!” ಎಂದು ರಿಸೆಪ್ಷನ್ ಹುಡುಗಿ ಕೂಗಿದವಳೇ ನಾಲಿಗೆ ಕಚ್ಚಿಕೊಂಡಳು. ಅವನು ತಿರುಗಿದ. ಆ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ. “ಬೇಜಾರ್ ಮಾಡ್ಕೋಬೇಡಿ ಸಾರ್, ನಾವೆಲ್ಲ ನಿಮ್ಮನ್ನ ಹಾಗೇ ಕರೆಯೋದು. ಬ್ಯಾಗಿನ ಭಾರಕ್ಕೆ ದಿನಾ ಬಲಗಡೆ ವಾಲ್ಕೊಂಡೇ ಹೋಗ್ತೀರಲ್ಲ, ನೋಡಿ ನೋಡಿ ಪಾಪ ಅನ್ಸುತ್ತೆ. ಇವತ್ತು ನೋಡಿದ್ರೆ ಎರಡೂ ಹೆಗಲು ಸಮ!” ಸಾಲಿನಲ್ಲಿದ್ದವರೆಲ್ಲ ಅವನ ಹೆಗಲುಗಳನ್ನು ನೋಡಿ ನಕ್ಕರು, ಪ್ರೀತಿಯಿಂದಲೇ. ಹಾಗಾದರೆ ಇಷ್ಟು ವರ್ಷವೂ ದಿನದಿನವೂ ಇವರೆಲ್ಲ ತನ್ನನ್ನು ನೋಡುತ್ತಲೇ ಇದ್ದರು. ಕ್ಷಣಕಾಲ ಅವನಿಗೆ ನಿಜವಾಗಿಯೂ ಸಂತೋಷವಾಯಿತು, ಹುಡುಗಿಗೆ ಏನೋ ಹೇಳಲೆಂದು ಬಾಯಿಯನ್ನೂ ತೆರೆದ. ಗಾರ್ಡ್ ಮಾತ್ರ ನಗಲಿಲ್ಲ. “ಸಾರ್, ಇನ್ನೊಂದ್ಸಲ ಕೊಡಿ,” ಎಂದು ಬ್ಯಾಗನ್ನು ಇಸಿದುಕೊಂಡು, ಈ ಸಲ ತೆರೆಯದೆ, ಒಂದೇ ಬೆರಳಿನಲ್ಲಿ ಮೇಲಕ್ಕೆತ್ತಿದ.