ಚೇರ್ಮನ್ ತಾಯಿಯ ಶವ ಕಳುವಾದ ಪ್ರಕರಣ

ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಲೇಗೋಸ್ ನಗರದ ಇದಿ-ಓಪೆ ಠಾಣೆಗೆ ಕಳ್ಳತನದ ದೂರು ಕೊಡಲು ಬಂದವನು ಆ ಬಡಾವಣೆಯ ಅತಿ ದೊಡ್ಡ ಕಳ್ಳ. ಹೆಸರು ಲಾಡೆಜೊ. ಎಲ್ಲರ ಬಾಯಲ್ಲಿ ಚೇರ್ಮನ್. ಬಸ್ ನಿಲ್ದಾಣ ಸರ್ಕಾರದ್ದು, ಒಡೆಯ ಮಾತ್ರ ಅವನು. ಅಲ್ಲಿಂದ ಹೊರಡುವ ಪ್ರತಿ ಹಳದಿ ವ್ಯಾನೂ ಅವನ ಹುಡುಗರಿಗೆ ಕಪ್ಪ ಕೊಡಬೇಕು. ಕೊಡದವನ ವ್ಯಾನಿನ ಗಾಜು ಮೊದಲು ಒಡೆಯುತ್ತದೆ, ಆಮೇಲೆ ಅವನ ಮೊಣಕಾಲು.

ಅವನು ಒಳಗೆ ಬಂದಾಗ ಠಾಣೆಯವರೆಲ್ಲ ಎದ್ದು ನಿಂತರು. ಅವನ ಕೈಯಿಂದ ತಿನ್ನದವರು ಅಲ್ಲಿ ಕಡಿಮೆ. ಇನ್‌ಸ್ಪೆಕ್ಟರ್ ಫಡಿಪೆ ಕೂತೇ ಇದ್ದ.

"ಏನು ಕಳುವಾಗಿದೆ?"

"ನಮ್ಮಮ್ಮ."

"ಅವರು ತೀರಿಕೊಂಡು ಎರಡು ತಿಂಗಳಾಯ್ತಲ್ಲ?"

"ಶವಾಗಾರದಲ್ಲಿ ಇಡ್ಸಿದ್ದೆ. ಶನಿವಾರ ಮಣ್ಣು. ನಿನ್ನೆ ಯಾರೋ ಹೊತ್ಕೊಂಡು ಹೋಗಿದಾರೆ. ಸೆನೆಟರ್ ಬರ್ತಿದಾರೆ ಕಣಯ್ಯ. ಎರಡು ಬೀದಿ ಮುಚ್ಚಿ ಪೆಂಡಾಲ್ ಹಾಕ್ಸಿದೀನಿ, ಊಟಕ್ಕೆ ಕಡಿಯೋ ಹಸುಗಳು ಬಂದು ನಿಂತಿವೆ. ಈಗ ಹೆಣ ಇಲ್ಲ ಅಂತ ಹೇಳೋಕಾಗುತ್ತಾ? ಅಮ್ಮನೂ ಬೇಕು, ಕದ್ದೋರೂ ಬೇಕು."

ಕಾನ್‌ಸ್ಟೆಬಲ್ ಎಕಾಯೆತೆ ಎಫ್ಐಆರ್ ಬರೆಯಲು ಕೂತಳು. ಕಲಬಾರ್ ಕಡೆಯವಳು, ಬಾಯಿ ಜೋರು.

"ಕಳುವಾದ ವಸ್ತುವಿನ ಬೆಲೆ ಅಂತ ಒಂದು ಕಾಲಮ್ ಇದೆ. ಏನ್ ಬರೀಲಿ, ಚೇರ್ಮನ್?"

ಚೇರ್ಮನ್ ಕ್ಷಣ ಯೋಚಿಸಿದ. "ಪೆಂಡಾಲಿಂದೂ ಸೇರಿಸ್ಬೇಕಾ?"

ಹನ್ನೊಂದಕ್ಕೆ ಶವಾಗಾರದಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ. ಕಾವಲಿನ ಫೆಲಿಕ್ಸ್ ತಾನೇ ಬಾಗಿಲು ತೆಗೆದು ಶವ ಕೊಟ್ಟು ಕಳಿಸಿದ್ದ.

"ಯಾರಿಗೆ ಕೊಟ್ಟೆ?"

"ಮನೆಯವರಿಗೆ, ಸಾರ್."

"ಮನೆಯವರು ಅಂತ ಹೇಗೆ ಗೊತ್ತಾಯ್ತು?"

"ಮನೆಯವರ ಬಟ್ಟೆ ತೊಟ್ಟಿದ್ರು. ನೇರಳೆ ಬಣ್ಣ, ಬಂಗಾರದ ಹೂವು. ಬ್ಯಾಂಡೂ ಇತ್ತು. ಇನ್ನೇನು ರಕ್ತ ಪರೀಕ್ಷೆ ಮಾಡಿಸ್ಲಾ?"

"ಕಾಗದ ಕೇಳ್ಲಿಲ್ವಾ?"

"ಚೇರ್ಮನ್ ಮನೆಯವರ ಹತ್ರ ಕಾಗದ ಕೇಳೋಕೆ ನಂಗೇನು ಎರಡು ತಲೆ ಇದೆಯಾ?"

ಎಕಾಯೆತೆ ಫಡಿಪೆಯ ಕಡೆ ತಿರುಗಿ ನಕ್ಕಳು. ಓಗಾ ಎಂದರೆ ಅವಳ ಬಾಯಲ್ಲಿ ಸಾಹೇಬ. "ಆ ಬಟ್ಟೆ ನನ್ನ ಹತ್ರಾನೂ ಇದೆ, ಓಗಾ. ನಿಮ್ಮ ಹತ್ರಾನೂ ಇರ್ಬೇಕಲ್ಲ?"

ಇತ್ತು. ಸಾವಿನ ಮನೆಯವರು ಒಂದೇ ಬಟ್ಟೆ ಹೊಲಿಸಿಕೊಳ್ಳುವುದು ಹಿಂದಿನಿಂದ ಬಂದದ್ದು. ರಕ್ತದವರು, ಹತ್ತಿರದ ಗೆಳೆಯರು, ಅಷ್ಟೇ. ಚೇರ್ಮನ್ ಅದರಲ್ಲೂ ವ್ಯಾಪಾರ ಕಂಡ. ಲಾರಿಗಟ್ಟಲೆ ಬಟ್ಟೆ ತರಿಸಿ ಡ್ರೈವರುಗಳಿಗೆ, ಟೊಮೆಟೊ ಮಾರುವ ಹೆಂಗಸರಿಗೆ, ಮೆಕ್ಯಾನಿಕ್‌ಗಳಿಗೆ, ಕೊನೆಗೆ ಠಾಣೆಗೂ ಬಲವಂತವಾಗಿ ಮಾರಿದ. ಕೊಳ್ಳದಿದ್ದರೆ ಅಂಗಡಿ ತೆಗೆಯುವಂತಿಲ್ಲ. ಹೀಗೆ ಇಡೀ ಬಡಾವಣೆ ಅವನ ಮನೆಯವರಾಯಿತು. ಈಗ ಇಡೀ ಬಡಾವಣೆಯೇ ಆರೋಪಿ.

ಫಡಿಪೆ ಜೀಪಿಗೆ ಒರಗಿ ನಿಂತ. "ಹೆಣ ಕದಿಯೋರು ಯಾರಾದ್ರೂ ತುತ್ತೂರಿ ಊದಿಸ್ಕೊಂಡು ಹೋಗ್ತಾರಾ?"

"ಅಮ್ಮನ್ನ ಸದ್ದಿಲ್ದೆ ಎತ್ಕೊಂಡು ಹೋಗೋದಾ, ಓಗಾ? ಸತ್ತ ನಾಯಿ ಎಳ್ಕೊಂಡು ಹೋದ ಹಾಗಾಗಲ್ವಾ?"

ಫಡಿಪೆ ಅವಳನ್ನೇ ನೋಡಿದ. ಶವವಿಟ್ಟುಕೊಂಡು ಹಣ ಕೇಳುವವನು ಬ್ಯಾಂಡು ಕರೆಸುವುದಿಲ್ಲ. ಬ್ಯಾಂಡಿಲ್ಲದೆ ಕಳಿಸಲು ಮನಸ್ಸು ಒಪ್ಪದವರು ಯಾರೋ ಇದ್ದಾರೆ.

ಬ್ಯಾಂಡ್ ಮಾಸ್ತರ್ ಅಕಾಂಬಿ ಮಧ್ಯಾಹ್ನ ರೈಲು ಹಳಿಯ ಹಿಂದೆ ಸಿಕ್ಕಿದ. ಕಳ್ಳತನ ಅಂದರೆ ಏನೆಂದೇ ಅವನಿಗೆ ಅರ್ಥವಾಗಲಿಲ್ಲ.

"ಕರೆಸಿದ್ದು ಯಾರು?"

"ಸೊಸೆ, ಸಾರ್. ಸ್ಟ್ಯಾಂಡಿನ ಹಿಂದೆ ಅಲಸಂದೆ ವಡೆ ಕರೀತಾಳಲ್ಲ, ಮೊಜಿಸೋಲಾ. ಚೇರ್ಮನ್ ತಮ್ಮ ಸೋಜಿ ಇದ್ನಲ್ಲ, ಅವನ ಹೆಂಡತಿ."

"ಎಲ್ಲಿಗೆ ಹೋದ್ರಿ?"

"ಅವರ ಊರಿಗೆ. ಸೋಜಿ ಗೋರಿ ಪಕ್ಕದಲ್ಲೇ ಮಣ್ಣು ಮಾಡಿದ್ರು. ಪಾದ್ರಿ ಇದ್ದ. ಚೆನ್ನಾಗಾಯ್ತು. ಯಾಕೆ, ತುತ್ತೂರಿಯವನ ಮೇಲೆ ಏನಾದ್ರೂ ದೂರು ಬಂತಾ?"

ಸೋಜಿಯನ್ನು ಫಡಿಪೆ ಬಲ್ಲ. ಅಣ್ಣನಿಗೆ ಕಪ್ಪ ಕೊಡಬೇಡಿ ಎಂದು ಡ್ರೈವರುಗಳನ್ನು ಕಟ್ಟಿದವನು. ಒಂದು ಬೆಳಿಗ್ಗೆ ಚರಂಡಿಯಲ್ಲಿ ಸಿಕ್ಕ. ಸುತ್ತಿಗೆ ಏಟಿಗೆ ತಲೆ ಒಡೆದಿತ್ತು. ಠಾಣೆಯ ದೊಡ್ಡ ಸಾಹೇಬರು ವ್ಯಾನ್ ಡಿಕ್ಕಿ ಎಂದು ಬರೆಸಿ ಕಡತ ಮುಚ್ಚಿಸಿದರು.

ಸಂಜೆ ನಾಲ್ಕಕ್ಕೆ ಮೊಜಿಸೋಲಾಳ ಒಲೆಯ ಮುಂದೆ ಜೀಪು ನಿಂತಿತು. ಸುತ್ತಲಿನ ಹೆಂಗಸರು ತಲೆ ಎತ್ತಲಿಲ್ಲ. ಈರುಳ್ಳಿ ಹೆಚ್ಚುವವಳು ಹೆಚ್ಚುತ್ತಲೇ ಇದ್ದಳು.

"ಬರ್ತೀನಿ. ಎಣ್ಣೆ ಇಳಿಸ್ತೀನಿ ಇರಿ," ಎಂದಳು ಮೊಜಿಸೋಲಾ.

"ಜೊತೆಗೆ ಯಾರಿದ್ರು?"

"ಮನೆಯವರು."

"ಹೆಸರು ಹೇಳಮ್ಮ."

"ಎಲ್ರಿಗೂ ಬಟ್ಟೆ ಮಾರಿ ಎಲ್ರೂ ಮನೆಯವರು ಅಂದೋರು ಚೇರ್ಮನ್ನೇ. ಹೆಸರು ಅವರನ್ನೇ ಕೇಳಿ."

ಈರುಳ್ಳಿಯವಳ ಭುಜ ಕುಲುಕಿತು. ಅಳುವೋ ನಗುವೋ ಗೊತ್ತಾಗಲಿಲ್ಲ.

ಜೀಪಿನಲ್ಲಿ ಮೊಜಿಸೋಲಾ ಒಂದೇ ಪ್ರಶ್ನೆ ಕೇಳಿದಳು. "ನನ್ನನ್ನ ಜೈಲಿಗೆ ಹಾಕಿ, ಸಾರ್. ಅತ್ತೇನ ಅಗೀತಾರಾ? ಅದೊಂದು ಹೇಳಿ."

ಲಾಕಪ್ಪಿನಲ್ಲಿ ಅವಳು ಅನ್ನ ಮುಟ್ಟಲಿಲ್ಲ.

ಬುಧವಾರ ದೊಡ್ಡ ಸಾಹೇಬರ ಕೋಣೆಯಲ್ಲಿ ಚೇರ್ಮನ್ ಕುರ್ಚಿಯಲ್ಲಿದ್ದ, ಫಡಿಪೆ ನಿಂತಿದ್ದ.

"ಗೋರಿ ಅಗೆಯೋಕೆ ಕೋರ್ಟಿನ ಅಪ್ಪಣೆ ಬೇಕು. ಶನಿವಾರದೊಳಗೆ ಆಗಲ್ಲ," ಎಂದ ಫಡಿಪೆ.

ಚೇರ್ಮನ್ ಕಾಲು ಅಲ್ಲಾಡಿಸುತ್ತ ಕೂತಿದ್ದ. "ಶನಿವಾರ ಪೆಟ್ಟಿಗೆ ಮುಚ್ಚೇ ಇರುತ್ತಲ್ವಾ?"

"ಮುಚ್ಚಿರುತ್ತೆ," ಅಂದರು ಸಾಹೇಬರು.

"ಹಾಗಾದ್ರೆ ಅಗೆಯೋದು ಬೇಡ. ಆಮೇಲೂ ಬೇಡ. ಒಬ್ಬ ತಾಯಿಗೆ ಎರಡು ಗೋರಿ ಅಂದ್ರೆ ಜನ ನಗ್ತಾರೆ. ಪೆಟ್ಟಿಗೆಗೆ ಏನಾದ್ರೂ ಭಾರದ್ದು ಹಾಕಿಸ್ತೀನಿ."

"ಹೆಣ ಕಳುವೇ ಆಗಿಲ್ಲ ಅಂದ ಹಾಗಾಯ್ತು," ಎಂದ ಫಡಿಪೆ. "ಆ ಹೆಂಗಸನ್ನ ಬಿಟ್ಬಿಡ್ತೀನಿ."

"ಬಿಡೋದಾ? ನನ್ನ ಬಟ್ಟೆ ತೊಟ್ಟು ನನ್ನ ಮೂಗು ಕುಯ್ದಿದಾಳೆ."

ಸಾಹೇಬರು ದಾರಿ ಹುಡುಕಿದರು. ಹಳೆಯ ಎಫ್ಐಆರ್ ಹರಿದರು, ಹೊಸದು ಬರೆಸಿದರು: ಮೃತಳ ಮನೆಯವಳಲ್ಲದಿದ್ದರೂ ಮನೆಯವರ ಬಟ್ಟೆ ತೊಟ್ಟು ಶವಾಗಾರದ ಸಿಬ್ಬಂದಿಗೆ ವಂಚನೆ.

"ಅವಳು ಸೊಸೆ, ಸಾರ್," ಎಂದ ಫಡಿಪೆ.

"ಗಂಡ ಸತ್ತ ಮೇಲೆ ಎಂಥ ಸೊಸೆ?" ಎಂದ ಚೇರ್ಮನ್.

ಫಡಿಪೆಯ ಕೈ ಮುಷ್ಟಿಯಾಯಿತು. ಮುಷ್ಟಿಯಲ್ಲೇ ಸಲ್ಯೂಟ್ ಹೊಡೆದು ಹೊರಗೆ ಬಂದ. ನೇರ ಲಾಕಪ್ಪಿಗೆ ಹೋಗಿ, "ಅಗೆಯಲ್ಲ," ಎಂದ. ಮೊಜಿಸೋಲಾ ಎಕಾಯೆತೆಯನ್ನು ಕರೆದು ಊಟ ಇದೆಯಾ ಎಂದು ಕೇಳಿದಳು.

ಶನಿವಾರ ಸಿಮೆಂಟ್ ಮೂಟೆಗೆ ರಾಣಿಯ ಮರ್ಯಾದೆ ಸಿಕ್ಕಿತು. ಹಿತ್ತಾಳೆ ಹಿಡಿಕೆಯ ಪೆಟ್ಟಿಗೆ ಹೊತ್ತವರು ಕುಣಿದರು. ಸೆನೆಟರ್ ತಾಯ್ತನದ ಬಗ್ಗೆ ಮಾತಾಡಿದರು. ನೇರಳೆ ಬಟ್ಟೆ ತೊಟ್ಟ ದೊಡ್ಡ ಸಾಹೇಬರು ಮೂಟೆಗೆ ಸಲ್ಯೂಟ್ ಹೊಡೆದರು. ಚೇರ್ಮನ್ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಅತ್ತ, ಇಬ್ಬರು ಹಿಡಿದುಕೊಳ್ಳಬೇಕಾಯಿತು. ಫಡಿಪೆ ಖಾಕಿಯಲ್ಲಿ ಬೀದಿಯ ಕೊನೆಗೆ ನಿಂತು ವಾಹನ ತಿರುಗಿಸುತ್ತಿದ್ದ.

ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಮೊಜಿಸೋಲಾ ತಪ್ಪು ಒಪ್ಪಿಕೊಂಡಳು. ಆರು ತಿಂಗಳು ಶಿಕ್ಷೆ. ಅವಳ ಹೇಳಿಕೆಯನ್ನು ಫಡಿಪೆಯೇ ಬರೆದುಕೊಂಡಿದ್ದ. ನ್ಯಾಯಾಲಯದಲ್ಲಿ ಅದನ್ನು ಯಾರೂ ಓದಿಸಲಿಲ್ಲ. ಅದರಲ್ಲಿದ್ದದ್ದು ಇದು.

ಸೋಜಿ ಸತ್ತ ದಿನದಿಂದ ಅತ್ತೆ ದೊಡ್ಡ ಮಗನ ಮನೆಯ ಹೊಸ್ತಿಲು ತುಳಿಯಲಿಲ್ಲ, ಅವನು ಕಳಿಸಿದ ಅಕ್ಕಿಯನ್ನು ಬೀದಿಗೆ ಸುರಿದಳು. ಸೊಸೆಯ ಜೊತೆ ವಡೆ ಕರಿದೇ ಬದುಕಿದಳು. ಆಸ್ಪತ್ರೆಯಲ್ಲಿ ಉಸಿರು ನಿಂತ ಕೂಡಲೇ ಅವನ ಹುಡುಗರು ಬಂದು ಶವ ಎತ್ತಿಕೊಂಡು ಹೋದರು. ಉಸಿರು ನಿಲ್ಲುವ ಸ್ವಲ್ಪ ಮೊದಲು ಅತ್ತೆ ಮೊಜಿಸೋಲಾಳ ಕೈ ಹಿಡಿದು ಹೇಳಿದ್ದು ಇಷ್ಟು: "ನನ್ನನ್ನ ಸೋಜಿ ಪಕ್ಕ ಮಲಗ್ಸು, ಮಗಳೇ. ದೊಡ್ಡವನ ಕೈಗೆ ಮಾತ್ರ ಕೊಡ್ಬೇಡ. ಅವನು ಅಳ್ತಾನೆ. ಜನ ನಂಬಿಬಿಡ್ತಾರೆ."